ಉತ್ತರವಯಸ್ಸಿನ ರಾಕ್ ಸಂಗೀತ: ‘ದಿ ಕ್ಯೂರ್’ ತಂಡದ ಹದಿನಾಲ್ಕನೆಯ ಆಲ್ಬಮ್

೧

ಪಾಶ್ಚಾತ್ಯ ಜನಪ್ರಿಯ ಸಂಗೀತದ ಪ್ರಕಾರಗಳಲ್ಲಿ ರಾಕ್ ಸಂಗೀತವು ಹುಟ್ಟಿನಿಂದಲೇ ತಾರುಣ್ಯದ ಕಲೆಯೆಂದು ಹೆಸರು ಪಡೆದಿದೆ. ೧೯೫೦ರ ದಶಕದ ನಡುಭಾಗದಲ್ಲಿ ಅಮೆರಿಕದಲ್ಲಿ ಅದು ರೂಪುಗೊಂಡಾಗ ಹಾಡುವವರೂ ತರುಣರು, ಕೇಳುವವರೂ ತರುಣರು. ಹಿರಿಯರ ಲೋಕಕ್ಕೆ ಎದುರಾಗಿ ನಿಲ್ಲುವುದೇ ಅದರ ಪ್ರಧಾನ ಭಾವವಾಗಿತ್ತು. ವೇಗ, ಘೋಷ, ದೇಹಬಲ, ನಾಳಿನ ಚಿಂತೆಯಿಲ್ಲದ ಧೈರ್ಯ ಇವು ಅದರ ಗುಣಗಳೆನಿಸಿದವು. ಆ ಕಲೆಗೆ ಈಗ ಎಪ್ಪತ್ತು ವರ್ಷಗಳು ತುಂಬಿವೆ. ಹರೆಯದಲ್ಲಿ ಅದನ್ನು ಕೈಗೊಂಡವರಲ್ಲಿ ಅನೇಕರು ಅರುವತ್ತು, ಎಪ್ಪತ್ತು, ಎಂಬತ್ತು ವಯಸ್ಸನ್ನು ದಾಟಿಯೂ ವೇದಿಕೆಯನ್ನು ಬಿಟ್ಟಿಲ್ಲ. ಹೀಗಿರಲು ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ತಾರುಣ್ಯಕ್ಕಾಗಿ ನಿರ್ಮಿತವಾದ ಭಾಷೆಯಲ್ಲಿ ಮುಪ್ಪಿನ ಅನುಭವವನ್ನು ನುಡಿಯಲು ಸಾಧ್ಯವೆ? ಅಥವಾ ಆ ಭಾಷೆಯನ್ನು ಬಳಸುವ ವೃದ್ಧ ಕಲಾವಿದನು ತನ್ನ ಹಳೆಯ ರೂಪವನ್ನೇ ತಾನು ಅನುಕರಿಸುತ್ತ ಉಳಿಯಬೇಕಾದುದು ಅನಿವಾರ್ಯವೆ?

ನಮ್ಮ ಶಾಸ್ತ್ರೀಯ ಸಂಗೀತದ ಪರಂಪರೆಯಲ್ಲಿ ಈ ಪ್ರಶ್ನೆ ಇಷ್ಟು ತೀವ್ರವಾಗಿ ಏಳುವುದಿಲ್ಲ. ವಯಸ್ಸು ಕಂಠದ ಬಲವನ್ನು ಕುಗ್ಗಿಸಿದರೂ ಮನೋಧರ್ಮವನ್ನು ಪಕ್ವಗೊಳಿಸುತ್ತದೆ ಎಂಬ ನಂಬಿಕೆ ನಮ್ಮ ಕೇಳುಗರಲ್ಲಿ ದೃಢವಾಗಿದೆ. ಎಂಬತ್ತರ ವಿದ್ವಾಂಸರ ಕಚೇರಿಗೆ ಜನರು ಭಕ್ತಿಯಿಂದ ಹೋಗುತ್ತಾರೆ. ರಾಕ್ ಸಂಗೀತದಲ್ಲಿಯೂ ಜನರು ಹಿರಿಯರ ಕಚೇರಿಗೆ ಹೋಗುತ್ತಾರೆ, ಆದರೆ ಹೋಗುವುದು ಬಹುಮಟ್ಟಿಗೆ ಹಳೆಯ ಹಾಡುಗಳಿಗಾಗಿ. ಹಿರಿಯರ ಹೊಸ ಹಾಡಿಗೆ ಅಲ್ಲಿ ಮರ್ಯಾದೆಯುಂಟು, ನಿರೀಕ್ಷೆಯಿಲ್ಲ.

೨೦೨೪ರ ನವೆಂಬರ್ ೧ರಂದು ಇಂಗ್ಲೆಂಡಿನ ‘ದಿ ಕ್ಯೂರ್’ ತಂಡವು ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’, ಎಂದರೆ ‘ಕಳೆದುಹೋದ ಲೋಕದ ಹಾಡುಗಳು’, ಎಂಬ ತನ್ನ ಹದಿನಾಲ್ಕನೆಯ ಆಲ್ಬಮನ್ನು ಹೊರತಂದಿತು. ತಂಡದ ನಾಯಕ, ಗಾಯಕ ಹಾಗೂ ಗೀತರಚನಕಾರ ರಾಬರ್ಟ್ ಸ್ಮಿತ್ ಅವರಿಗೆ ಆಗ ಅರುವತ್ತೈದು ವರ್ಷ. ಹಿಂದಿನ ಆಲ್ಬಮ್ ಬಂದು ಹದಿನಾರು ವರ್ಷಗಳಾಗಿದ್ದವು. ಈ ಕೃತಿಯನ್ನು ವಿಮರ್ಶಕರೂ ಕೇಳುಗರೂ ತಂಡದ ಉತ್ತಮ ಕೃತಿಗಳ ಸಾಲಿನಲ್ಲಿ ಇರಿಸಿದರು. ಮೇಲಿನ ಪ್ರಶ್ನೆಯನ್ನು ವಿಚಾರಮಾಡಲು ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ಇದರ ಯಶಸ್ಸಿಗೆ ತಾರುಣ್ಯದ ಪುನರಾಗಮನ ಕಾರಣವಲ್ಲ, ತಾರುಣ್ಯದಲ್ಲಿಯೇ ಸಿದ್ಧವಾಗಿದ್ದ ಒಂದು ಶೈಲಿಗೆ ಅದರ ನಿಜವಾದ ವಸ್ತು ತಡವಾಗಿ ದೊರೆತುದೇ ಕಾರಣ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ತಂಡದ ಪೂರ್ವವೃತ್ತಾಂತವನ್ನು ಸಂಗ್ರಹವಾಗಿ ನೋಡೋಣ. ಲಂಡನ್ನಿನ ದಕ್ಷಿಣಕ್ಕೆ ಸಸೆಕ್ಸ್ ಪ್ರಾಂತದಲ್ಲಿರುವ ಕ್ರಾಲೀ ಎಂಬ ಊರಿನ ಶಾಲಾಬಾಲಕರು ಸೇರಿ ಕಟ್ಟಿದ ಮೇಳ ಇದು. ೧೯೭೬ರಿಂದ ಒಂದೆರಡು ಬೇರೆ ಹೆಸರುಗಳನ್ನು ಧರಿಸಿ, ೧೯೭೮ರಲ್ಲಿ ‘ದಿ ಕ್ಯೂರ್’ ಎಂಬ ಹೆಸರನ್ನು ತಾಳಿತು. ಮೊದಲ ಆಲ್ಬಮ್ ‘ತ್ರೀ ಇಮ್ಯಾಜಿನರಿ ಬಾಯ್ಸ್’ ೧೯೭೯ರಲ್ಲಿ ಬಂತು. ಸ್ಮಿತ್ ಅವರಿಗೆ ಆಗ ಇಪ್ಪತ್ತು ವರ್ಷ. ಅಂದಿನ ಪಂಕ್ ಸಂಗೀತದ ಸಂಕ್ಷಿಪ್ತತೆ ಅದರಲ್ಲಿ ಕಾಣುತ್ತದೆ. ಆದರೆ ತಂಡದ ಮನೋಧರ್ಮ ಆರಂಭದಿಂದಲೂ ಸಾಹಿತ್ಯದ ಕಡೆಗೆ ಒಲಿದಿತ್ತು. ಅವರ ಪ್ರಥಮ ಗೀತೆ ಆಲ್ಬೇರ್ ಕಮೂನ ‘ಅಪರಿಚಿತ’ ಕಾದಂಬರಿಯನ್ನು ಆಧರಿಸಿದ್ದು. ೧೯೮೧ರ ‘ಷಾರ್ಲಟ್ ಸಮ್‌ಟೈಮ್ಸ್’ ಎಂಬುದು ಪೆನೆಲೊಪಿ ಫಾರ್ಮರ್ ಅವರ ಅದೇ ಹೆಸರಿನ ಮಕ್ಕಳ ಕಾದಂಬರಿಯಿಂದ ಹುಟ್ಟಿದ್ದು.

೧೯೮೦ರ ‘ಸೆವೆಂಟೀನ್ ಸೆಕೆಂಡ್ಸ್’, ೧೯೮೧ರ ‘ಫೇತ್’, ೧೯೮೨ರ ‘ಪೋರ್ನೋಗ್ರಫಿ’ ಎಂಬ ಮೂರು ಆಲ್ಬಮ್‌ಗಳು ತಂಡದ ವಿಶಿಷ್ಟ ಶೈಲಿಯನ್ನು ನಿರ್ಮಿಸಿದವು. ಗತಿ ನಿಧಾನವಾಯಿತು. ಡ್ರಮ್ಮಿನ ಹೊಡೆತ ಒಂದೇ ಸಮನಾಗಿ, ಯಾತ್ರೆಯ ಹೆಜ್ಜೆಯಂತೆ ಸಾಗಿತು. ಸಾಧಾರಣವಾಗಿ ಹಿನ್ನೆಲೆಯಲ್ಲಿ ನಿಲ್ಲುವ ಬೇಸ್ ಗಿಟಾರು ಮುಂದೆ ಬಂದು ರಾಗದ ಭಾರವನ್ನು ತಾನೇ ಹೊತ್ತಿತು. ಈ ವಾದ್ಯವನ್ನು ನುಡಿಸಿದ ಸೈಮನ್ ಗ್ಯಾಲಪ್ ಅವರು, ನಡುವೆ ಕೆಲವು ಕಾಲ ಅಗಲಿದ್ದರೂ, ತಂಡದ ಧ್ವನಿಗೆ ಸ್ಮಿತ್ ಅವರಷ್ಟೇ ಕಾರಣರು. ವಸ್ತುವೆಲ್ಲ ನಿರಾಶೆ, ಶ್ರದ್ಧೆಯ ನಾಶ, ಮೃತ್ಯು. ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗರು ಲೋಕದ ಅಂತ್ಯವನ್ನು ಕಂಡವರಂತೆ ಹಾಡುತ್ತಿದ್ದರು.

ಅನಂತರ ತಂಡವು ಹಗುರವಾದ, ಉಲ್ಲಾಸದ ಗೀತೆಗಳಿಗೂ ಕೈಹಾಕಿತು. ೧೯೮೩ರ ‘ದ ಲವ್‌ಕ್ಯಾಟ್ಸ್’ ಮುಂತಾದವು ಅವರನ್ನು ಮನೆಮಾತಾಗಿಸಿದವು. ಈ ಎರಡು ಪ್ರವೃತ್ತಿಗಳೂ ಮುಂದೆ ಜೊತೆಜೊತೆಯಾಗಿಯೇ ಸಾಗಿದವು. ೧೯೮೯ರ ಮೇ ತಿಂಗಳಲ್ಲಿ, ಸ್ಮಿತ್ ಅವರಿಗೆ ಮೂವತ್ತು ತುಂಬಿದ ಕೆಲವೇ ದಿನಗಳಲ್ಲಿ, ‘ಡಿಸ್‌ಇಂಟಿಗ್ರೇಶನ್’, ಎಂದರೆ ‘ವಿಘಟನೆ’, ಪ್ರಕಟವಾಯಿತು. ಮೂವತ್ತು ವರ್ಷವಾಗುವ ಭಯವೇ ಅದರ ಪ್ರೇರಣೆಯೆಂದು ಸ್ಮಿತ್ ಹೇಳಿಕೊಂಡಿದ್ದಾರೆ. ಇದನ್ನು ಸಾಮಾನ್ಯವಾಗಿ ತಂಡದ ಶ್ರೇಷ್ಠ ಕೃತಿಯೆಂದು ಎಣಿಸುತ್ತಾರೆ. ೧೯೯೨ರ ‘ವಿಶ್’ ಇಂಗ್ಲೆಂಡಿನ ಮಾರಾಟಪಟ್ಟಿಯಲ್ಲಿ ಪ್ರಥಮ ಸ್ಥಾನವನ್ನು ಪಡೆಯಿತು. ಅಲ್ಲಿಂದ ಮುಂದೆ ಇಳಿವು ಕಾಣಿಸಿತು. ೧೯೯೬, ೨೦೦೦, ೨೦೦೪, ೨೦೦೮ ಈ ವರ್ಷಗಳಲ್ಲಿ ಬಂದ ನಾಲ್ಕು ಆಲ್ಬಮ್‌ಗಳಲ್ಲಿ ೨೦೦೦ದ ‘ಬ್ಲಡ್‌ಫ್ಲವರ್ಸ್’ ಒಂದನ್ನು ಬಿಟ್ಟರೆ ಉಳಿದವು ಹಳೆಯ ಎತ್ತರವನ್ನು ಮುಟ್ಟಲಿಲ್ಲ. ೨೦೦೮ರ ‘೪:೧೩ ಡ್ರೀಮ್’ ಅದೇ ಪಟ್ಟಿಯಲ್ಲಿ ೩೩ನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು.

೩

ಹಳೆಯ ತಂಡಗಳ ಹೊಸ ಆಲ್ಬಮ್‌ಗಳು ಸಾಮಾನ್ಯವಾಗಿ ಏಕೆ ಸೊರಗುತ್ತವೆ? ಇದಕ್ಕೆ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು ಆರ್ಥಿಕವಾದುದು. ಧ್ವನಿಮುದ್ರಿಕೆಗಳ ಮಾರಾಟ ಕುಗ್ಗಿದ ಮೇಲೆ ಹಿರಿಯ ತಂಡಗಳಿಗೆ ವರಮಾನ ಬರುವುದು ಮುಖ್ಯವಾಗಿ ಸಂಚಾರದ ಕಚೇರಿಗಳಿಂದ. ಅಲ್ಲಿ ಬೇಕಾದುವು ಪರಿಚಿತ ಗೀತೆಗಳು. ಹೊಸ ಆಲ್ಬಮ್ ಎಂಬುದು ಅನೇಕ ಸಲ ಹೊಸ ಸಂಚಾರಕ್ಕೆ ಒಂದು ನೆಪ ಮಾತ್ರವಾಗುತ್ತದೆ.

ಎರಡನೆಯದು ಕೇಳುಗರಿಗೆ ಸಂಬಂಧಿಸಿದ್ದು. ಹದಿನೆಂಟರ ವಯಸ್ಸಿನಲ್ಲಿ ಮನಸ್ಸಿಗೆ ಹತ್ತಿದ ಹಾಡು ಆ ವ್ಯಕ್ತಿಯ ಜೀವನಚರಿತ್ರೆಯ ಭಾಗವಾಗಿ ಹೋಗಿರುತ್ತದೆ. ಐವತ್ತರಲ್ಲಿ ಅವನು ಕಚೇರಿಗೆ ಬರುವುದು ಆ ಹದಿನೆಂಟನ್ನು ಮರಳಿ ಕಾಣುವುದಕ್ಕಾಗಿ. ಹೊಸ ಹಾಡು ಎಷ್ಟೇ ಚೆನ್ನಾಗಿದ್ದರೂ ಈ ಕೆಲಸವನ್ನು ಮಾಡಲಾರದು.

ಮೂರನೆಯದು ಕಲೆಗೆ ಸಂಬಂಧಿಸಿದ್ದು, ನಮ್ಮ ವಿಚಾರಕ್ಕೆ ಮುಖ್ಯವಾದುದೂ ಇದೇ. ತಾರುಣ್ಯವನ್ನೇ ಬಂಡವಾಳವಾಗಿ ಪಡೆದ ಕಲಾವಿದನಿಗೆ ವಯಸ್ಸಾದಾಗ ಎರಡು ದಾರಿಗಳು ಸುಲಭವಾಗಿ ತೆರೆದಿರುತ್ತವೆ. ವಯಸ್ಸೇ ಆಗಿಲ್ಲವೆಂಬಂತೆ ಹಿಂದಿನ ವೇಗದಲ್ಲಿಯೇ ಹಾಡುವುದು ಒಂದು. ಹೊಸ ತಲೆಮಾರಿನ ಫ್ಯಾಷನ್ನನ್ನು ತೊಟ್ಟುಕೊಳ್ಳುವುದು ಇನ್ನೊಂದು. ಎರಡರಲ್ಲಿಯೂ ಹಾಡಿಗೂ ಹಾಡುವವನಿಗೂ ನಡುವೆ ಒಂದು ಅಂತರ ಬೀಳುತ್ತದೆ. ನಮ್ಮ ಆಲಂಕಾರಿಕರು ಔಚಿತ್ಯವೆಂದು ಕರೆದ ಗುಣ ಇಲ್ಲಿ ಭಂಗವಾಗುತ್ತದೆ. ಹಾರವನ್ನು ಸೊಂಟಕ್ಕೂ ನೂಪುರವನ್ನು ಕೈಗೂ ತೊಟ್ಟರೆ ನಗೆಪಾಟಲಾಗುವುದೆಂದು ಕ್ಷೇಮೇಂದ್ರನು ಹೇಳಿದುದು ಸಂಗೀತಕ್ಕೂ ಅನ್ವಯಿಸುತ್ತದೆ. ಆಭರಣದಲ್ಲಿ ದೋಷವಿಲ್ಲ, ಇರಬೇಕಾದ ಸ್ಥಳದಲ್ಲಿ ಅದು ಇಲ್ಲ.

ಕ್ಯೂರ್ ತಂಡದ ಮುಂದೆಯೂ ಈ ಅಪಾಯಗಳು ಇದ್ದೇ ಇದ್ದವು. ೨೦೦೮ರ ಅನಂತರ ಅವರು ಆಲ್ಬಮ್ ಹೊರಡಿಸದಿದ್ದರೂ ಕಚೇರಿಗಳನ್ನು ನಿಲ್ಲಿಸಲಿಲ್ಲ. ೨೦೧೮ರ ಜುಲೈ ತಿಂಗಳಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಲವತ್ತನೆಯ ವರ್ಷದ ಉತ್ಸವವನ್ನು ಆಚರಿಸಿದರು. ೨೦೧೯ರಲ್ಲಿ ಅಮೆರಿಕದ ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ ಸಂಸ್ಥೆಯ ಗೌರವ ಅವರಿಗೆ ಸಂದಿತು. ಹೊಸದೇನನ್ನೂ ಕೊಡದೆ ಹೀಗೆಯೇ ಗೌರವಗಳ ನಡುವೆ ಮುಂದುವರಿದಿದ್ದರೂ ಅವರನ್ನು ಯಾರೂ ದೂರುತ್ತಿರಲಿಲ್ಲ.

೪

ಆಲ್ಬಮಿನ ಮುಖ್ಯವಾದ ಮುದ್ರಣ ನಡೆದುದು ೨೦೧೯ರಲ್ಲಿ, ವೇಲ್ಸ್ ಪ್ರಾಂತದ ರಾಕ್‌ಫೀಲ್ಡ್ ಎಂಬ ಸ್ಟುಡಿಯೋದಲ್ಲಿ. ಸ್ಮಿತ್ ಅವರೊಡನೆ ಗ್ಯಾಲಪ್ ಬೇಸ್ ಗಿಟಾರನ್ನೂ, ಜೇಸನ್ ಕೂಪರ್ ಡ್ರಮ್ಮನ್ನೂ, ರೋಜರ್ ಓಡೊನೆಲ್ ಕೀಬೋರ್ಡನ್ನೂ, ಹಿಂದೆ ಡೇವಿಡ್ ಬೋವೀ ಅವರ ಸಹವಾದಕರಾಗಿದ್ದ ರೀವ್ಸ್ ಗೇಬ್ರೆಲ್ಸ್ ಗಿಟಾರನ್ನೂ ನುಡಿಸಿದರು. ಎಂಟು ಹಾಡುಗಳನ್ನೂ ಸ್ಮಿತ್ ಒಬ್ಬರೇ ರಚಿಸಿದರು. ತಂಡದ ಆಲ್ಬಮ್ ಒಂದರ ಎಲ್ಲ ಗೀತೆಗಳೂ ಅವರೊಬ್ಬರವೇ ಆದುದು ೧೯೮೫ರ ‘ದ ಹೆಡ್ ಆನ್ ದ ಡೋರ್’ ಆದ ಮೇಲೆ ಇದೇ ಮೊದಲು.

ಆ ವರ್ಷವೇ ಪ್ರಕಟವಾಗಬೇಕಾಗಿದ್ದ ಕೃತಿ ಐದು ವರ್ಷ ತಡವಾಯಿತು. ಸಂಗೀತ ಒದಗಿದರೂ ಮಾತು ಒದಗದೆ ಹೋದುದು ಇದಕ್ಕೆ ಒಂದು ಕಾರಣವೆಂದು ಸ್ಮಿತ್ ಹೇಳಿದ್ದಾರೆ. ಈ ವರ್ಷಗಳ ಆಸುಪಾಸಿನಲ್ಲಿ ಅವರು ತಾಯಿಯನ್ನು, ತಂದೆಯನ್ನು, ಅಣ್ಣ ರಿಚರ್ಡ್ ಅವರನ್ನು ಕಳೆದುಕೊಂಡರು. ನಲವತ್ತು ವರ್ಷಗಳಿಂದ ಮರಣವನ್ನು ಕುರಿತು ಹಾಡುತ್ತ ಬಂದ ಕವಿಗೆ, ಮರಣವು ಮನೆಯೊಳಗೆ ಬಂದಾಗ ಮಾತು ಸಿಕ್ಕಲಿಲ್ಲ! ಇದು ವಿಚಾರಯೋಗ್ಯವಾದ ಸಂಗತಿ. ಹಳೆಯ ಮಾತುಗಳಿಗೆ ಬರಗಾಲವಿರಲಿಲ್ಲ. ಅವು ಸಾಲದೆಂಬುದು ಅವರಿಗೆ ತಿಳಿದುಹೋಗಿತ್ತು.

ಮೊದಲ ಹಾಡಾದ ‘ಅಲೋನ್’, ಎಂದರೆ ‘ಏಕಾಕಿ’, ದೊರೆತ ಬಗೆಯೂ ಗಮನಾರ್ಹವಾಗಿದೆ. ಆಲ್ಬಮಿನ ಬಾಗಿಲು ತೆರೆಯುವ ಸಾಲಿಗಾಗಿ ತಾವು ಬಹುಕಾಲ ಹುಡುಕಿದುದಾಗಿಯೂ, ಆಂಗ್ಲ ಕವಿ ಅರ್ನೆಸ್ಟ್ ಡೌಸನ್‌ನ ‘ಡ್ರೆಗ್ಸ್’ ಎಂಬ ಪದ್ಯವು ನೆನಪಿಗೆ ಬಂದಾಗ ದಾರಿ ಕಂಡಿತೆಂದೂ ಸ್ಮಿತ್ ತಿಳಿಸಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬರೆದ ಈ ಕವಿ ೧೯೦೦ರಲ್ಲಿ, ತನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ, ತೀರಿಕೊಂಡನು. ಬಾಳಿನ ಪಾತ್ರೆಯ ತಳದಲ್ಲಿ ಉಳಿದ ಗಸಿಯನ್ನು ಕುರಿತ ಆ ಪದ್ಯವನ್ನು ಬರೆದವನು ತರುಣ. ಅದರ ಅರ್ಥವನ್ನು ಪೂರ್ತಿಯಾಗಿ ಬಾಳಿನಲ್ಲಿ ಕಂಡುಕೊಂಡವರು ಅರುವತ್ತು ದಾಟಿದವರು.

೨೦೨೨ರ ಅಕ್ಟೋಬರ್ ತಿಂಗಳಲ್ಲಿ ಲಾಟ್ವಿಯ ದೇಶದ ರೀಗಾ ನಗರದಲ್ಲಿ ಹೊಸ ಸಂಚಾರ ಆರಂಭವಾಯಿತು. ಅಲ್ಲಿಂದ ಮುಂದೆ ಹೊಸ ಹಾಡುಗಳಲ್ಲಿ ಕೆಲವನ್ನು, ಅವು ಪ್ರಕಟವಾಗುವ ಮೊದಲೇ, ಕಚೇರಿಗಳಲ್ಲಿ ಹಾಡತೊಡಗಿದರು. ಹೀಗೆ ಎರಡು ವರ್ಷಗಳ ಕಾಲ ಆ ಹಾಡುಗಳು ಜನರ ಎದುರಿನಲ್ಲಿ ಪರೀಕ್ಷೆಗೊಳಗಾದವು. ೨೦೨೪ರ ನವೆಂಬರಿನಲ್ಲಿ ಆಲ್ಬಮ್ ಇಂಗ್ಲೆಂಡಿನ ಪಟ್ಟಿಯಲ್ಲಿ ಪ್ರಥಮ ಸ್ಥಾನಕ್ಕೆ ಬಂತು. ೧೯೯೨ರ ‘ವಿಶ್’ ಆದ ಮೇಲೆ, ಮೂವತ್ತೆರಡು ವರ್ಷಗಳ ಅಂತರದಲ್ಲಿ, ತಂಡಕ್ಕೆ ಆ ಸ್ಥಾನ ಮತ್ತೆ ದೊರೆತಿತು. ಅಮೆರಿಕದ ಪಟ್ಟಿಯಲ್ಲಿ ಅದು ನಾಲ್ಕನೆಯದಾಯಿತು.

೫

ಇನ್ನು ಸಂಗೀತದ ವಿಚಾರ. ಎಂಟು ಹಾಡುಗಳು, ಸುಮಾರು ನಲವತ್ತೊಂಬತ್ತು ನಿಮಿಷ. ಕೇಳುಗನಿಗೆ ಮೊದಲು ತೋರುವ ಲಕ್ಷಣವೆಂದರೆ ಧಾವಂತವಿಲ್ಲದಿರುವುದು. ‘ಅಲೋನ್’ ಹಾಡಿನ ಒಟ್ಟು ಅವಧಿ ಏಳು ನಿಮಿಷಕ್ಕೆ ಸ್ವಲ್ಪ ಕಡಮೆ. ಅದರಲ್ಲಿ ಗಾಯಕನ ಧ್ವನಿ ಕೇಳಿಬರುವುದು ಮೂರು ನಿಮಿಷಗಳು ಕಳೆದ ಮೇಲೆ. ಕೊನೆಯ ಹಾಡಾದ ‘ಎಂಡ್‌ಸಾಂಗ್’, ಎಂದರೆ ‘ಅಂತ್ಯಗೀತೆ’, ಹತ್ತು ನಿಮಿಷವನ್ನು ಮೀರುತ್ತದೆ. ಅಲ್ಲಿ ಧ್ವನಿಗಾಗಿ ಆರು ನಿಮಿಷಗಳ ಮೇಲೆ ಕಾಯಬೇಕು. ಜನಪ್ರಿಯ ಗೀತೆಯೊಂದು ಮೊದಲ ಕೆಲವು ಕ್ಷಣಗಳಲ್ಲಿಯೇ ಕೇಳುಗನನ್ನು ಹಿಡಿಯಬೇಕೆಂಬ ಇಂದಿನ ವಾಡಿಕೆಗೆ ಇದು ತೀರ ವಿರುದ್ಧ.

ಈ ದೀರ್ಘ ಪೂರ್ವಭಾಗವನ್ನು ನಮ್ಮ ವಾಚಕರು ಆಲಾಪನೆಗೆ ಹೋಲಿಸಬಹುದು. ಹೋಲಿಕೆ ಸ್ವಲ್ಪಮಟ್ಟಿಗೆ ಸರಿಯಾಗಿದೆ: ಮಾತಿಗೆ ಮೊದಲು ಭಾವದ ವಾತಾವರಣವನ್ನು ಕಟ್ಟುವುದು ಎರಡರ ಕೆಲಸವೂ ಹೌದು. ಆದರೆ ಒಂದು ಭೇದವನ್ನು ಮರೆಯಬಾರದು. ಆಲಾಪನೆಯಲ್ಲಿ ರಾಗವು ಮೆಟ್ಟಿಲು ಮೆಟ್ಟಿಲಾಗಿ ವಿಸ್ತಾರಗೊಳ್ಳುತ್ತದೆ. ಗಾಯಕನ ಮನೋಧರ್ಮ ಅದನ್ನು ಮುಂದಕ್ಕೊಯ್ಯುತ್ತದೆ. ತಾಳದ ಕಟ್ಟು ಅಲ್ಲಿಲ್ಲ. ಇಲ್ಲಿಯಾದರೋ ಡ್ರಮ್ಮಿನ ಭಾರವಾದ ಹೊಡೆತ ಆರಂಭದಿಂದಲೇ ಇದೆ. ಒಂದೇ ಸ್ವರಸಮೂಹದ ಆವರ್ತ ಮತ್ತೆ ಮತ್ತೆ ಬರುತ್ತದೆ; ಪ್ರತಿ ಆವರ್ತದಲ್ಲಿಯೂ ಒಂದೊಂದು ಧ್ವನಿ ಅದರ ಮೇಲೆ ಪದರವಾಗಿ ಸೇರುತ್ತದೆ. ವಿಸ್ತಾರಕ್ಕಿಂತ ಸಂಚಯ ಇಲ್ಲಿನ ವಿಧಾನ. ಸಮುದ್ರದ ಅಲೆ ಮರಳಿ ಮರಳಿ ಬಂದು ದಡದಲ್ಲಿ ಮರಳನ್ನು ಬಿಟ್ಟುಹೋಗುವಂತೆ ಭಾವವು ಕೇಳುಗನಲ್ಲಿ ಶೇಖರವಾಗುತ್ತದೆ.

ಈ ವಿಧಾನ ಹೊಸದಲ್ಲ. ೧೯೮೯ರ ‘ಡಿಸ್‌ಇಂಟಿಗ್ರೇಶನ್’ ಆಲ್ಬಮಿನ ಮೊದಲ ಗೀತೆಯಾದ ‘ಪ್ಲೇನ್‌ಸಾಂಗ್’ ಇದೇ ರೀತಿಯದು. ಗಾಳಿಗೆ ಅಲುಗುವ ಕಿರುಗಂಟೆಗಳ ಸಣ್ಣ ದನಿಯಿಂದ ಆರಂಭವಾಗಿ, ಥಟ್ಟನೆ ಕೀಬೋರ್ಡಿನ ಮಹಾಧ್ವನಿ ಎದ್ದು, ಎರಡು ನಿಮಿಷಗಳ ಮೇಲೆ ಕಾಯಿಸಿ ಆಮೇಲೆ ಗಾಯಕ ಬಾಯಿ ತೆರೆಯುತ್ತಾನೆ. ಎರಡು ಹಾಡುಗಳನ್ನೂ ಒಂದಾದ ಮೇಲೊಂದರಂತೆ ಕೇಳಿದರೆ ರಚನೆಯ ಸಾಮ್ಯ ಸ್ಪಷ್ಟವಾಗುತ್ತದೆ, ಪರಿಣಾಮದ ಭೇದವೂ ಸ್ಪಷ್ಟವಾಗುತ್ತದೆ. ‘ಪ್ಲೇನ್‌ಸಾಂಗ್’ನಲ್ಲಿ ಪೂರ್ವಭಾಗವು ವೈಭವವನ್ನು ಸಾರುತ್ತದೆ, ದುಃಖವೂ ಅಲ್ಲಿ ಕಿರೀಟವನ್ನು ಧರಿಸಿ ಬರುತ್ತದೆ. ‘ಅಲೋನ್’ನಲ್ಲಿ ಪೂರ್ವಭಾಗವು ತಡೆಯುವಿಕೆಯಂತೆ ಕೇಳುತ್ತದೆ. ಹೇಳಬೇಕಾದ ಮಾತನ್ನು ಹೇಳಲು ಮನಸ್ಸು ಬಾರದ ವ್ಯಕ್ತಿ ಬಾಗಿಲಲ್ಲಿ ನಿಂತಿರುವಂತೆ ತೋರುತ್ತದೆ. ಮೊದಲನೆಯದರಲ್ಲಿ ಅಲಂಕಾರವಾಗಿದ್ದ ವಿಳಂಬ ಎರಡನೆಯದರಲ್ಲಿ ಅರ್ಥವಾಗಿದೆ.

ಸ್ಮಿತ್ ಅವರ ಕಂಠದ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಲೆನರ್ಡ್ ಕೋಹೆನ್, ಬಾಬ್ ಡಿಲನ್ ಮುಂತಾದವರ ಉತ್ತರವಯಸ್ಸಿನ ಕೃತಿಗಳಲ್ಲಿ ಒಡೆದ, ಆಳಕ್ಕಿಳಿದ ಕಂಠವೇ ವಯಸ್ಸಿನ ಸಾಕ್ಷಿಯಾಗಿ ನಿಲ್ಲುತ್ತದೆ. ಸ್ಮಿತ್ ಅವರ ಕಂಠ ಆಶ್ಚರ್ಯಕರವಾಗಿ ಬದಲಾಗಿಲ್ಲ. ಕಣ್ಣು ಮುಚ್ಚಿ ಕೇಳಿದರೆ ಮೂವತ್ತರ ಗಾಯಕನೇ ಹಾಡುತ್ತಿರುವಂತಿದೆ. ಇದರಿಂದ ಒಂದು ವಿಚಿತ್ರವಾದ ಪರಿಣಾಮವುಂಟಾಗಿದೆ. ಹಳೆಯ ಕಂಠ, ಹೊಸ ಅರಿವು. ತರುಣನ ಧ್ವನಿಯಲ್ಲಿ ವೃದ್ಧನ ಮಾತು. ವಯಸ್ಸು ಇಲ್ಲಿ ಕೇಳುವುದು ಗತಿಯಲ್ಲಿ, ಮೌನದಲ್ಲಿ, ಮಾತಿನ ಮಿತವ್ಯಯದಲ್ಲಿ.

೬

ಸಾಹಿತ್ಯದ ದೃಷ್ಟಿಯಿಂದ ಮೂರು ಹಾಡುಗಳು ಮುಖ್ಯವಾದುವು.

‘ಐ ಕ್ಯಾನ್ ನೆವರ್ ಸೇ ಗುಡ್‌ಬೈ’ ಎಂಬುದು ಅಣ್ಣನ ಮರಣವನ್ನು ಕುರಿತದ್ದು. ಗುಡುಗಿನ ಶಬ್ದದಿಂದ ಆರಂಭವಾಗಿ, ಪಿಯಾನೋದ ಒಂದು ಸರಳವಾದ ಸ್ವರಮಾಲೆಯ ಮೇಲೆ ಅದು ನಿಂತಿದೆ. ನವೆಂಬರ್ ತಿಂಗಳ ಒಂದು ಮಳೆಯ ರಾತ್ರಿ. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ಮಾಟಗಾತಿಯೊಬ್ಬಳ ಮಾತಿನ ಪ್ರತಿಧ್ವನಿ. ಅಷ್ಟೇ ಅದರ ಸಾಮಗ್ರಿ. ಈ ಹಾಡನ್ನು ಅನೇಕ ವಿಧವಾಗಿ ಬರೆದು ನೋಡಿ, ಕೊನೆಗೆ ಆ ರಾತ್ರಿ ನಡೆದುದನ್ನು ಸರಳವಾಗಿ ಹೇಳುವುದೇ ಯೋಗ್ಯವೆಂದು ತಾವು ನಿರ್ಧರಿಸಿದುದಾಗಿ ಸ್ಮಿತ್ ಹೇಳಿದ್ದಾರೆ. ತರುಣ ಸ್ಮಿತ್ ಅವರ ಹಾಡುಗಳಲ್ಲಿ ಉತ್ಪ್ರೇಕ್ಷೆ, ದುಃಸ್ವಪ್ನದ ಚಿತ್ರಗಳು, ರೂಪಕಗಳ ರಾಶಿ ಹೇರಳವಾಗಿದ್ದವು. ಇಲ್ಲಿ ಅವೆಲ್ಲ ಬಿದ್ದುಹೋಗಿವೆ. ಕಲ್ಪಿತ ದುಃಖಕ್ಕೆ ಅಲಂಕಾರ ಬೇಕು, ನಿಜವಾದ ದುಃಖಕ್ಕೆ ವರದಿ ಸಾಕು ಎಂಬುದನ್ನು ಈ ಹಾಡು ತೋರಿಸಿಕೊಡುತ್ತದೆ.

‘ಅಂಡ್ ನಥಿಂಗ್ ಈಸ್ ಫಾರೆವರ್’ ಎಂಬ ಎರಡನೆಯ ಹಾಡು ಈಡೇರದ ಒಂದು ಮಾತನ್ನು ಕುರಿತದ್ದು. ತೀವ್ರ ಅಸ್ವಸ್ಥರಾಗಿದ್ದ ಒಬ್ಬರಿಗೆ, ಅವರ ಕೊನೆಗಾಲದಲ್ಲಿ ಜೊತೆಗಿರುವೆನೆಂದು ಕೊಟ್ಟ ಮಾತನ್ನು ನಡೆಸಲಾಗಲಿಲ್ಲವೆಂಬ ಕೊರಗು ಅದರ ಮೂಲ. ಹಾಡಿನಲ್ಲಿ ಕೊರಗಿನ ಪ್ರದರ್ಶನವಿಲ್ಲ. ಜೊತೆಗಿರುವೆನೆಂಬ ಆ ಮಾತೇ ಕೋಮಲವಾಗಿ ಮರುಕಳಿಸುತ್ತದೆ. ವಾಸ್ತವದಲ್ಲಿ ಮುರಿದ ಮಾತನ್ನು ಹಾಡಿನಲ್ಲಿ ಪೂರೈಸುವ ಪ್ರಯತ್ನವೆಂದು ಅದನ್ನು ತಿಳಿಯಬಹುದು.

‘ಎಂಡ್‌ಸಾಂಗ್’ನ ಹಿನ್ನೆಲೆ ಇನ್ನೂ ವಿಶಾಲವಾಗಿದೆ. ೧೯೬೯ರ ಜುಲೈ ತಿಂಗಳಲ್ಲಿ ಮನುಷ್ಯನು ಚಂದ್ರನ ಮೇಲೆ ಇಳಿದಾಗ ಸ್ಮಿತ್ ಹತ್ತು ವರ್ಷದ ಬಾಲಕ. ಅಂದು ತಂದೆಯೊಡನೆ ಹೊರಗೆ ನಿಂತು ಚಂದ್ರನನ್ನು ನೋಡಿದ ನೆನಪು, ಐವತ್ತು ವರ್ಷಗಳಾದ ಮೇಲೆ, ೨೦೧೯ರಲ್ಲಿ, ಅದೇ ಚಂದ್ರನನ್ನು ನೋಡುತ್ತಿರುವಾಗ ಮರಳಿ ಬಂದು ಈ ಹಾಡಾಯಿತು. ಆಕಾಶದಲ್ಲಿ ಏನೂ ಬದಲಾಗಿಲ್ಲ. ನೋಡುವವನ ಪಕ್ಕದಲ್ಲಿ ಇದ್ದವರು ಇಲ್ಲ. ಅಂದು ಆ ಬಾಲಕನು ಕಂಡ ಭವಿಷ್ಯವೂ ಬರಲಿಲ್ಲ. ಆಲ್ಬಮಿನ ಹೆಸರಿನಲ್ಲಿರುವ ‘ಕಳೆದುಹೋದ ಲೋಕ’ ಯಾವುದೆಂಬುದು ಇಲ್ಲಿ ತಿಳಿಯುತ್ತದೆ. ಅದು ಒಂದು ಮನೆಯೂ ಹೌದು, ಒಂದು ಯುಗದ ನಂಬಿಕೆಯೂ ಹೌದು. ಮೊದಲ ಹಾಡು ಹಾಡುಗಳ ಮುಕ್ತಾಯದ ಮಾತಿನಿಂದ ಆರಂಭವಾಗುತ್ತದೆ. ಕೊನೆಯ ಹಾಡು ಅದೇ ಮಾತಿಗೆ ಮರಳುತ್ತದೆ. ಹೀಗೆ ಇಡೀ ಕೃತಿ ಒಂದು ವರ್ತುಲವಾಗಿ ಮುಚ್ಚಿಕೊಳ್ಳುತ್ತದೆ. ಸ್ಲೊವೇನಿಯದ ಶಿಲ್ಪಿ ಯಾನೆಜ್ ಪಿರ್ನಾತ್ ಅವರು ೧೯೭೫ರಲ್ಲಿ ಕಡೆದ ಕಲ್ಲಿನ ತಲೆಯೊಂದು ಆಲ್ಬಮಿನ ಹೊದಿಕೆಯ ಮೇಲೆ ಕತ್ತಲೆಯಲ್ಲಿ ತೇಲುತ್ತಿರುವುದು ಈ ಭಾವಕ್ಕೆ ಅನುಗುಣವಾಗಿದೆ.

೭

ಈಗ ನಮ್ಮ ಮೂಲ ಪ್ರಶ್ನೆಗೆ ಹಿಂದಿರುಗೋಣ. ಕಲಾವಿದರ ಕೊನೆಗಾಲದ ಕೃತಿಗಳನ್ನು ಕುರಿತು ಪಾಶ್ಚಾತ್ಯ ವಿಮರ್ಶೆಯಲ್ಲಿ ಒಂದು ಪ್ರಸಿದ್ಧ ಚರ್ಚೆಯುಂಟು. ೧೯೩೭ರಲ್ಲಿ ಜರ್ಮನಿಯ ತತ್ತ್ವಜ್ಞ ತಿಯೊಡೋರ್ ಅಡೋರ್ನೊ ಬೇಥೋವನ್ನನ ಅಂತ್ಯಕಾಲದ ಕೃತಿಗಳನ್ನು ಕುರಿತು ಒಂದು ಸಣ್ಣ ಪ್ರಬಂಧವನ್ನು ಬರೆದನು. ಅವನ ಮತದಂತೆ ಮಹಾಕಲಾವಿದರ ಕೊನೆಯ ಕೃತಿಗಳಲ್ಲಿ ನಾವು ಎಣಿಸುವ ಪಕ್ವತೆ, ಸಮಾಧಾನಗಳಿಲ್ಲ. ಬಿರುಕು, ಒರಟುತನ, ಸಂಧಾನವನ್ನು ಒಲ್ಲದ ಹಠ ಇವೆ. ಎಡ್ವರ್ಡ್ ಸಯೀದ್ ಅವರ ಮರಣಾನಂತರ ೨೦೦೬ರಲ್ಲಿ ಪ್ರಕಟವಾದ ‘ಆನ್ ಲೇಟ್ ಸ್ಟೈಲ್’ ಗ್ರಂಥವು ಈ ವಿಚಾರವನ್ನು ಬೆಳೆಸಿತು.

ಕ್ಯೂರ್ ತಂಡದ ಕೃತಿ ಈ ಸೂತ್ರಕ್ಕೆ ಅರ್ಧ ಮಾತ್ರ ಹೊಂದುತ್ತದೆ. ಸಮಾಧಾನವನ್ನು ಒಲ್ಲದಿರುವ ಗುಣ ಇಲ್ಲಿಯೂ ಇದೆ. ಮರಣದ ಮುಂದೆ ಯಾವ ಸಾಂತ್ವನವನ್ನೂ ಈ ಹಾಡುಗಳು ಒಡ್ಡುವುದಿಲ್ಲ. ಆದರೆ ಶೈಲಿಯಲ್ಲಿ ಬಿರುಕಿಲ್ಲ, ಹಳೆಯದನ್ನು ಮುರಿಯುವ ಹಟವಿಲ್ಲ. ಬಿರುಕು ಬಿದ್ದಿರುವುದು ಶೈಲಿಗೂ ವಸ್ತುವಿಗೂ ಹಿಂದೆ ಇದ್ದ ಅಂತರದಲ್ಲಿ. ಆ ಅಂತರ ಈಗ ಮುಚ್ಚಿದೆ. ತಂಡದ ಚರಿತ್ರೆಯನ್ನು ಈ ಕಣ್ಣಿನಿಂದ ನೋಡಿದರೆ ಒಂದು ಕ್ರಮ ಕಾಣುತ್ತದೆ. ಇಪ್ಪತ್ತಮೂರರಲ್ಲಿ ಲೋಕವೇ ಮುಗಿಯಿತೆಂದು ಹಾಡಿದರು. ಮೂವತ್ತರಲ್ಲಿ ಯೌವನ ಮುಗಿಯಿತೆಂದು ಹಾಡಿದರು. ‘ಬ್ಲಡ್‌ಫ್ಲವರ್ಸ್’ನಲ್ಲಿರುವ ‘೩೯’ ಎಂಬ ಗೀತೆಯಲ್ಲಿ ಒಳಗಿನ ಬೆಂಕಿ ಆರುತ್ತಿದೆಯೆಂದು ಹಾಡಿದರು. ಈ ಮೂರೂ ಸಲ ಅವರು ನುಡಿದುದು ಬರಲಿರುವ ಸಂಗತಿಯ ಭಯವನ್ನು. ಅರುವತ್ತೈದರಲ್ಲಿ ನುಡಿದುದು ಬಂದು ಹೋದ ಸಂಗತಿಯನ್ನು. ಭಯಕ್ಕೆ ಸಿದ್ಧಪಡಿಸಿಕೊಂಡ ವಾದ್ಯಗಳು ನಷ್ಟಕ್ಕೂ ಸರಿಹೊಂದಿದವು. ಅಷ್ಟೇ ಅಲ್ಲ, ನಷ್ಟಕ್ಕೇ ಹೆಚ್ಚು ಸರಿಹೊಂದಿದವು. ಇದನ್ನೇ ನಾವು ತಡವಾಗಿ ದೊರೆತ ಔಚಿತ್ಯವೆಂದು ಕರೆಯಬಯಸುತ್ತೇವೆ.

ಆಕ್ಷೇಪಗಳು ಇಲ್ಲದಿಲ್ಲ. ವಿಷಾದವು ಈ ತಂಡದ ವ್ಯಾಪಾರಮುದ್ರೆಯೇ ಆಗಿದೆ. ಇದೂ ಅದೇ ಮುದ್ರೆಯ ಇನ್ನೊಂದು ಸರಕು ಎಂದು ಒಬ್ಬರು ಹೇಳಬಹುದು. ಎಲ್ಲ ಹಾಡುಗಳೂ ಸಮಾನವಾಗಿಲ್ಲವೆಂಬುದೂ ನಿಜ. ‘ಡ್ರೋನ್:ನೋಡ್ರೋನ್’ ಎಂಬ ಐದನೆಯ ಹಾಡು ಗಿಟಾರಿನ ಆರ್ಭಟದಿಂದ ಏಕತಾನತೆಯನ್ನು ಮುರಿಯುತ್ತದೆಯಾದರೂ ಅದರ ವಸ್ತು ಉಳಿದವುಗಳಷ್ಟು ಆಳವಾಗಿಲ್ಲ. ಮೊದಲನೆಯ ಆಕ್ಷೇಪಕ್ಕೆ ನಮ್ಮ ಉತ್ತರವಿಷ್ಟು: ಮುದ್ರೆಯನ್ನಷ್ಟೇ ಮಾರುವುದಾಗಿದ್ದರೆ ಹದಿನಾರು ವರ್ಷ ಕಾಯಬೇಕಾಗಿರಲಿಲ್ಲ, ಮಾತಿಗಾಗಿ ತಡಕಬೇಕಾಗಿರಲಿಲ್ಲ. ಶೋಕವು ಕರುಣರಸವಾಗಬೇಕಾದರೆ ಅನುಭವಕ್ಕೂ ಅಭಿವ್ಯಕ್ತಿಗೂ ನಡುವೆ ಕಾಲದ ಅಂತರ ಬೇಕಾಗುತ್ತದೆ. ಆ ಅಂತರದ ಗುರುತು ಈ ಕೃತಿಯ ಮೇಲಿದೆ.

ಉತ್ತರವಯಸ್ಸಿನ ಯಶಸ್ಸಿಗೆ ಇದೊಂದೇ ಮಾರ್ಗವೆಂದು ಹೇಳುವುದೂ ತಪ್ಪಾಗುತ್ತದೆ. ರೋಲಿಂಗ್ ಸ್ಟೋನ್ಸ್ ತಂಡವು ೨೦೨೩ರ ಅಕ್ಟೋಬರಿನಲ್ಲಿ ‘ಹ್ಯಾಕ್ನಿ ಡೈಮಂಡ್ಸ್’ ಎಂಬ ಆಲ್ಬಮನ್ನು ಹೊರಡಿಸಿತು. ಸ್ವಂತ ಹೊಸ ಗೀತೆಗಳ ಆಲ್ಬಮ್ ಅವರಿಂದ ಬಂದು ಹದಿನೆಂಟು ವರ್ಷಗಳಾಗಿದ್ದವು. ಮಿಕ್ ಜಾಗರ್ ಅವರಿಗೆ ಆಗ ಎಂಬತ್ತು. ೨೦೨೧ರಲ್ಲಿ ತೀರಿಕೊಂಡ ಡ್ರಮ್ ವಾದಕ ಚಾರ್ಲಿ ವಾಟ್ಸ್ ಅವರ ವಾದನ ಎರಡು ಹಾಡುಗಳಲ್ಲಿ ಉಳಿದಿದೆ. ಆ ಕೃತಿಯ ಸೊಗಸು ಮುಪ್ಪನ್ನು ಅಣಕಿಸುವ ಲವಲವಿಕೆಯಲ್ಲಿದೆ. ಡಿಪೆಷ್ ಮೋಡ್ ತಂಡದ ‘ಮೆಮೆಂಟೊ ಮೋರಿ’ ೨೦೨೩ರ ಮಾರ್ಚ್ ತಿಂಗಳಲ್ಲಿ ಬಂತು. ಅದರ ಹೆಚ್ಚಿನ ಹಾಡುಗಳು ಮರಣವನ್ನು ನೆನೆದು ಮೊದಲೇ ರಚಿತವಾಗಿದ್ದವು. ೨೦೨೨ರ ಮೇ ತಿಂಗಳಲ್ಲಿ ಸಹಸ್ಥಾಪಕ ಆಂಡಿ ಫ್ಲೆಚರ್ ತೀರಿಕೊಂಡಾಗ ಅವುಗಳಿಗೆ ತಾವಾಗಿಯೇ ಹೊಸ ಅರ್ಥ ಬಂತು. ಒಂದು ತಂಡ ಕಾಲವನ್ನು ಧಿಕ್ಕರಿಸಿತು. ಇನ್ನೊಂದು ತಂಡದ ಹಾಡನ್ನು ಕಾಲವು ಹಿಂದಿನಿಂದ ಬಂದು ಹಿಡಿಯಿತು. ಕ್ಯೂರ್ ತಂಡ ಕಾಲಕ್ಕಾ‍ಗಿ ಕಾಯಿತು.

೮

ಒಟ್ಟಿನಲ್ಲಿ ಹೇಳಬೇಕಾದುದಿಷ್ಟು. ರಾಕ್ ಸಂಗೀತವು ತಾರುಣ್ಯದಲ್ಲಿ ಹುಟ್ಟಿದುದು ನಿಜ. ತಾರುಣ್ಯದೊಡನೆಯೇ ಸಾಯಬೇಕೆಂಬ ನಿಯಮವಿಲ್ಲ. ಆದರೆ ಅದು ಉಳಿಯುವುದು ಹಾಡುವವನು ತನ್ನ ವಯಸ್ಸನ್ನು ಮುಚ್ಚಿಡದಿದ್ದಾಗ. ಯಾವ ಕಲಾವಿದನ ಯೌವನದ ಶೈಲಿಯಲ್ಲಿಯೇ ನಿಧಾನ, ನಿರೀಕ್ಷೆ, ಮೌನಗಳಿಗೆ ಎಡೆಯಿತ್ತೋ ಅವನಿಗೆ ಈ ಕೆಲಸ ಸುಲಭವಾಗುತ್ತದೆ. ವೇಗವನ್ನೇ ನಂಬಿದವನಿಗೆ ಕಷ್ಟವಾಗುತ್ತದೆ. ಆದುದರಿಂದ ಹಿರಿಯ ತಂಡದ ಹೊಸ ಕೃತಿಯನ್ನು ಪರಿಶೀಲಿಸುವಾಗ ‘ಹಿಂದಿನಂತೆಯೇ ಇದೆಯೆ?’ ಎಂದು ಕೇಳುವುದು ಫಲಕಾರಿಯಲ್ಲ. ‘ಹಿಂದಿನ ಸಾಮಗ್ರಿಯಿಂದ ಇಂದಿನ ಯಾವ ಸತ್ಯವನ್ನು ಹೇಳಿದ್ದಾರೆ?’ ಎಂದು ಕೇಳುವುದು ಯೋಗ್ಯ.

ಈ ಪ್ರಶ್ನೆ ಸಂಗೀತಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಕವಿಯೊಬ್ಬನ ಆರಂಭದ ಸಂಕಲನವನ್ನೂ ಕೊನೆಯ ಸಂಕಲನವನ್ನೂ ತರಗತಿಯಲ್ಲಿ ಎದುರುಬದುರಾಗಿ ಇರಿಸಿ ಓದಿಸುವ ಅಧ್ಯಾಪಕರಿಗೂ, ಓದುವ ವಿದ್ಯಾರ್ಥಿಗಳಿಗೂ ಇದು ಉಪಯೋಗಕ್ಕೆ ಬರುತ್ತದೆ. ಯೌವನದಲ್ಲಿ ಮರಣವನ್ನು ಕುರಿತು ಬರೆದ ಸಾಲುಗಳು ಸುಳ್ಳಲ್ಲ, ಆದರೆ ಅವು ಮುಂಗಡವಾಗಿ ಕೊಟ್ಟ ಮಾತುಗಳು. ಅವುಗಳನ್ನು ನಡೆಸಿಕೊಡಲು ಬಾಳು ಎಲ್ಲರಿಗೂ ಅವಕಾಶವನ್ನು ಕೊಡುವುದಿಲ್ಲ. ಡೌಸನ್ ಕವಿಗೆ ಕೊಡಲಿಲ್ಲ. ಸ್ಮಿತ್ ಮತ್ತು ಅವರ ಜೊತೆಗಾರರಿಗೆ ಅದು ದೊರೆಯಿತು, ಅವರು ಅದನ್ನು ವ್ಯರ್ಥಮಾಡಲಿಲ್ಲ. ಈ ಆಲ್ಬಮಿನ ಬೆಲೆ ನಮಗೆ ಮುಖ್ಯವಾಗಿ ಕಂಡುಬರುವುದು ಇದರಲ್ಲಿಯೇ.